ಮೂಕಚಿತ್ರದ ಮೇಷ್ಟ್ರು

ಮೊದಲೇ ಹೇಳಿಬಿಡುತ್ತೇನೆ, ನಾನು ಮಾತುಗಾರ್ತಿ. ಶಾಲೆಯಲ್ಲಿ ಭಾಷಣ ಸ್ಪರ್ಧೆ ಅಂದರೆ ಮೊದಲ ಬಹುಮಾನ ನನ್ನದೇ, ಎರಡನೆಯದು ಯಾರಿಗೆ ಅನ್ನುವುದಷ್ಟೇ ಪ್ರಶ್ನೆ. ಕೋಪವೂ ಹಾಗೇ, ಮೂಗಿನ ತುದಿಯಲ್ಲೇ ಇರುತ್ತದೆ. "ನಿನ್ನ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ ಕಣೆ" ಅಂತ ನಮ್ಮಕ್ಕ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಹುಟ್ಟಿದ್ದರು. ನಾನು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವರ ಕೈಗೆ ಸಿಕ್ಕ ಹೊತ್ತಿಗೆ ಅವರಿಗೆ ಐವತ್ತೇಳು ವರ್ಷವಾಗಿತ್ತು, ಕೂದಲು ಅರ್ಧ ಹೋಗಿತ್ತು, ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಒಂದು ಟೆಸ್ಟರ್ ಇರುತ್ತಿತ್ತು.

ಎಲ್ಲರೂ ಅವರನ್ನು ಮೂಕಚಿತ್ರದ ಮೇಷ್ಟ್ರು ಅನ್ನುತ್ತಿದ್ದರು. ಎದುರಿಗೆ ಮಾತ್ರ ಸಾರ್. ನಾಳೆ ಮೇಷ್ಟ್ರಾಗುವವರಿಗೆ ಪ್ರೊಜೆಕ್ಟರ್, ಕ್ಯಾಮೆರಾ, ರೆಕಾರ್ಡರ್, ಚಾರ್ಟು, ಮಾದರಿ ಇವನ್ನೆಲ್ಲ ತರಗತಿಯಲ್ಲಿ ಹೇಗೆ ಬಳಸಬೇಕು ಅಂತ ಕಲಿಸುವುದು ಅವರ ಕೆಲಸ. ನಾನು ಅವರ ಕೋಣೆಗೆ ಖುಷಿಯಿಂದ ಹೋದವಳಲ್ಲ. ಕೊನೆಯ ಪಾಠದ ಪರೀಕ್ಷೆ ಅಂತ ಒಂದಿರುತ್ತದೆ: ನಿಜವಾದ ತರಗತಿ, ನಿಜವಾದ ಮಕ್ಕಳು, ಹೊರಗಿನಿಂದ ಬಂದ ಪರೀಕ್ಷಕರು. ಅದರಲ್ಲಿ ನಾನು ಎರಡು ವರ್ಷ ಸಾಲಾಗಿ ಫೇಲಾಗಿದ್ದೆ. ಮೂರು ಸಲಕ್ಕಿಂತ ಹೆಚ್ಚು ಅವಕಾಶವಿಲ್ಲ. ಮೂರನೆಯದೂ ಹೋದರೆ ಹೆಸರು ಹೊಡೆದು ಹಾಕುತ್ತಾರೆ, ಆಮೇಲೆ ಈ ಜನ್ಮದಲ್ಲಿ ಯಾವ ಶಾಲೆಯಲ್ಲೂ ಟೀಚರ್ ಅನ್ನಿಸಿಕೊಳ್ಳುವ ಹಾಗಿಲ್ಲ. ಏಳನೇ ವಯಸ್ಸಿನಿಂದ ಕದದ ಮೇಲೆ ಸೀಮೆಸುಣ್ಣದಲ್ಲಿ ಬರೆದು ದಿಂಬುಗಳಿಗೆ ಪಾಠ ಮಾಡಿದವಳು ನಾನು, ಬೇರೆ ಏನಾದರೂ ಆಗಬಹುದು ಅಂತ ಯೋಚಿಸಿಯೇ ಇರಲಿಲ್ಲ. ಪ್ರಿನ್ಸಿಪಾಲರು ನನ್ನ ಹಾಳೆ ನೋಡಿ ನಿಟ್ಟುಸಿರು ಬಿಟ್ಟು, "ಆರು ವಾರ ಅವರ ಹತ್ತಿರ ಇರಿ, ಆಮೇಲೆ ದೇವರಿದ್ದಾನೆ" ಅಂದರು.

ಕಾರಿಡಾರಿನ ಕೊನೆಯ ಕೋಣೆ. ಮೊದಲು ಮುರಿದ ಬೆಂಚುಗಳನ್ನು ತುಂಬಿಡುತ್ತಿದ್ದ ಜಾಗವಂತೆ. ಕಿಟಕಿಗಳಿಗೆ ದಪ್ಪ ಕಪ್ಪು ಪರದೆ, ಗೋಡೆಯ ಉದ್ದಕ್ಕೂ ಕಪಾಟು, ಕಪಾಟಿನಲ್ಲಿ ಕೆಲಸ ಮಾಡುವ ಯಂತ್ರಗಳು ಕೆಳಗೆ, ಸತ್ತ ಯಂತ್ರಗಳು ಮೇಲೆ. ಪ್ರತಿಯೊಂದಕ್ಕೂ ಬಟ್ಟೆಯ ಗವಸು, ಗವಸಿನ ಮೇಲೆ ನೂಲಿನಲ್ಲಿ ಹೊಲಿದ ಹೆಸರು. ಲೆನ್ಸ್ ಒರೆಸಲು ಒಂದು ಮೆತ್ತನೆ ಬ್ರಷ್ಷು ಇತ್ತು, ಅದನ್ನು ಬೇರೆ ಯಾರಾದರೂ ಮುಟ್ಟಿದರೆ ಮಾತ್ರ ಅವರ ಧ್ವನಿ ಏರುತ್ತಿತ್ತು.

ಮೊದಲ ದಿನವೇ ಅವರು ನನ್ನನ್ನು ಪ್ರೊಜೆಕ್ಟರಿನ ಬೆಳಕಿನೊಳಗೆ ನಿಲ್ಲಿಸಿದರು. ಭೂಪಟ ನನ್ನ ಮುಖದ ಮೇಲೆ ಬಿತ್ತು.

"ಈಗ ಪಾಠ ಮಾಡಿ."

"ಸಾರ್, ಕಣ್ಣು ಕುಕ್ಕುತ್ತೆ."

"ಮಕ್ಕಳಿಗೆ ಸಮುದ್ರ ಕಾಣ್ತಿಲ್ಲ, ನಿಮ್ಮ ಮೂಗು ಕಾಣ್ತಿದೆ. ಪಕ್ಕಕ್ಕೆ ಬನ್ನಿ. ಹತ್ತರಲ್ಲಿ ಒಂಬತ್ತು ಜನ ಅಲ್ಲೇ ನಿಲ್ತಾರೆ."

ಹೀಗೆ ಎರಡು ವಾರ. ಕೊನೆಯ ಬೆಂಚಿನ ಮೂಲೆಯಲ್ಲಿ ಕೂತು ಓದಲಾಗದ ಅಕ್ಷರವನ್ನು ಪರದೆಗೆ ಹಾಕಬಾರದು. ಒಂದು ಚಿತ್ರಕ್ಕೆ ಒಂದೇ ಕೆಲಸ ಕೊಡಬೇಕು. ವಿಡಿಯೋ ಹಾಕಿ ಹಾಜರಿ ಪುಸ್ತಕ ತುಂಬಿಸುತ್ತ ಕೂರುವವರನ್ನು ಅವರು 'ಟಿಕೆಟ್ ಹರಿಯೋರು' ಅನ್ನುತ್ತಿದ್ದರು. ನಾನು ಒಳಗೊಳಗೇ ಕುದಿಯುತ್ತಿದ್ದೆ. ನನಗೆ ಬೇಕಾಗಿದ್ದು ಪಾಸು, ಇವರು ನೋಡಿದರೆ ಪ್ಲಗ್ಗು ಹೇಗೆ ಹಿಡಿಯಬೇಕು ಅಂತ ಹೇಳಿಕೊಡುತ್ತಿದ್ದಾರೆ!

ಮೂರನೇ ವಾರ ಕಾಲೇಜಿನ ಕಾಂಪೌಂಡಿನಲ್ಲೇ ಇರುವ ಶಾಲೆಯ ನಾಲ್ಕನೇ ತರಗತಿಯಲ್ಲಿ ಅಭ್ಯಾಸ ಪಾಠ. ಪ್ರಾಣಿಗಳು ಹೇಗೆ ತಿನ್ನುತ್ತವೆ, ಕುಡಿಯುತ್ತವೆ ಅನ್ನುವ ವಿಷಯ. ಸಾರ್ ತಮ್ಮ ಮನೆಯ ಬೆಕ್ಕು ನೀರು ಕುಡಿಯುವುದನ್ನು ಫೋನಿನಲ್ಲಿ ನಿಧಾನಗತಿಯಲ್ಲಿ ಹಿಡಿದಿದ್ದರು. ಐದು ಸೆಕೆಂಡಿನದು ನಲವತ್ತು ಸೆಕೆಂಡಿಗೆ ಹಿಗ್ಗಿತ್ತು. ಅದನ್ನು ಬಳಸಿ ಅಂದರು. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕರಿಹಲಗೆಯ ಪಕ್ಕದಲ್ಲಿಟ್ಟು, ತಾವು ಅದರ ಹಿಂದೆ ನಿಂತರು. ನಾನು ಅದನ್ನು ಗಮನಿಸಲೂ ಇಲ್ಲ, ನನ್ನ ಗಮನವೆಲ್ಲ ನನ್ನ ಮೇಲೇ ಇತ್ತು.

ಅಬ್ಬಾ, ಏನು ಮಾತಾಡಿದೆ ಅವತ್ತು! ಪರದೆಗೆ ಬೆನ್ನು ಹಾಕಿ, ಮಕ್ಕಳಿಗೆ ಎದುರಾಗಿ ನಿಂತು, ನೀರು ಹರಿದ ಹಾಗೆ ಹೇಳಿದೆ. "ನೋಡಿ ಮಕ್ಕಳೇ, ಬೆಕ್ಕು ತನ್ನ ನಾಲಿಗೆಯನ್ನು ಚಮಚದ ಹಾಗೆ ಮುಂದಕ್ಕೆ ಬಾಗಿಸಿ ನೀರನ್ನು ಮೊಗೆದು ಕುಡಿಯುತ್ತೆ." ಚಿತ್ರ ಮೂರು ಸಲ ಓಡಿತು, ಮೂರು ಸಲವೂ ಹೇಳಿದೆ. ಮಧ್ಯದಲ್ಲಿ ಒಂದೇ ಒಂದು ಅಡಚಣೆ. ಎರಡನೇ ಸಾಲಿನಲ್ಲಿ ಕೂತಿದ್ದ ಎರಡು ಜಡೆಯ ಹುಡುಗಿಯೊಬ್ಬಳು ನನ್ನ ಮುಖಕ್ಕೇ ನಾಲಿಗೆ ಚಾಚಿ ಅಣಕಿಸಿದಳು. ಒಂದು ಸಲ ಬಿಟ್ಟೆ. ಎರಡನೇ ಸಲ ಚಾಚಿದಾಗ ಪಿತ್ತ ನೆತ್ತಿಗೇರಿತು. "ಎದ್ದೇಳೇ! ಹೋಗಿ ಬಾಗಿಲ ಹತ್ತಿರ ನಿಂತ್ಕೋ!" ಅಂದೆ. ಹೋಗಿ ನಿಂತಳು. ಪಾಠ ಮುಗಿದಾಗ ನನಗೇ ಚಪ್ಪಾಳೆ ತಟ್ಟಿಕೊಳ್ಳುವಷ್ಟು ಸಂತೋಷವಾಗಿತ್ತು.

ಮಧ್ಯಾಹ್ನ ಕಪ್ಪು ಪರದೆ ಎಳೆದು ಸಾರ್ ಆ ರೆಕಾರ್ಡಿಂಗ್ ಹಾಕಿದರು. ಧ್ವನಿ ಇಲ್ಲ. ಪರದೆಯ ತುಂಬ ಬರೀ ಮಕ್ಕಳು.

"ನಾನೆಲ್ಲಿ ಸಾರ್?"

"ನೀವು ಇದರಲ್ಲಿಲ್ಲ."

"ಮತ್ತೆ ನಾನು ಪಾಠ ಮಾಡಿದ್ದು ಹೇಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ, ನೋಡಿ."

ಅಷ್ಟೇ ಮಾತು. ಜಗಳಕ್ಕೆ ನಿಲ್ಲಬೇಕು ಅಂತ ಬಾಯಿ ತೆರೆದೆ, ಆದರೆ ಪರದೆಯ ಮೇಲೆ ಮೂವತ್ತೆರಡು ಮುಖಗಳು ನನ್ನನ್ನೇ ನೋಡುತ್ತಿದ್ದವು. ನಾನು ಮಾತು ಶುರುಮಾಡಿದ್ದು ಗೊತ್ತಾಯಿತು, ಯಾಕೆಂದರೆ ಮುಖಗಳು ಒಂದೊಂದಾಗಿ ಮುಚ್ಚಿಕೊಂಡವು. ಚಿತ್ರ ಶುರುವಾದದ್ದು ಗೊತ್ತಾಯಿತು, ಯಾಕೆಂದರೆ ಎಲ್ಲ ಕಣ್ಣುಗಳು ಒಟ್ಟಿಗೆ ಬಲಕ್ಕೆ ಹೊರಳಿ ಅರಳಿದವು. ಒಬ್ಬ ಹುಡುಗ ಪಕ್ಕದವನ ತೋಳು ಹಿಡಿದ. ಇನ್ನೊಬ್ಬಳು ಏನೋ ಹೇಳಲು ಬಾಯಿ ತೆರೆದಳು, ತೆರೆದೇ ಸ್ವಲ್ಪ ಹೊತ್ತು ಕಾದಳು, ಮುಚ್ಚಿದಳು. ಸಾರ್ ಬೆರಳು ಎತ್ತಿ "ಒಂದು" ಅಂದರು. ಮತ್ತೊಬ್ಬನ ಬಾಯಿ ತೆರೆಯಿತು, ಮುಚ್ಚಿತು. "ಎರಡು." ಹೀಗೆ ಎಣಿಸುತ್ತ ಹೋದರು. ಹದಿನಾಲ್ಕು ಸಲ! ಹದಿನಾಲ್ಕು ಸಲ ಒಂದೊಂದು ಮಗು ಏನೋ ಹೇಳಲು ಹೊರಟಿತ್ತು, ನನ್ನ ಮಾತು ನಿಲ್ಲಲಿ ಅಂತ ಕಾದು ಕಾದು ಸುಮ್ಮನಾಗಿತ್ತು. ತರಗತಿಯಲ್ಲಿ ನಿಂತಿದ್ದ ನನಗೆ ಒಂದೂ ಕಂಡಿರಲಿಲ್ಲ.

ಆಮೇಲೆ ಎರಡು ಜಡೆಯವಳು ಬಂದಳು. ಸಾರ್ ಅಲ್ಲಿ ಚಿತ್ರವನ್ನು ನಿಧಾನ ಮಾಡಿದರು. ಆ ಹುಡುಗಿ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಬೆಕ್ಕಿನ ಮೇಲಿತ್ತು. ನಾಲಿಗೆ ಹೊರಗೆ ಹಾಕಿದಳು, ತುದಿಯನ್ನು ಮೇಲಕ್ಕೆ ಮಡಚಿ ನೋಡಿದಳು, ತಲೆ ಅಲ್ಲಾಡಿಸಿದಳು. ಮತ್ತೆ ಹಾಕಿದಳು, ಈ ಸಲ ತುದಿಯನ್ನು ಕೆಳಕ್ಕೆ, ಗಲ್ಲದ ಕಡೆಗೆ, ಹಿಂದಕ್ಕೆ ಮಡಚಿದಳು. ಅವಳ ಮುಖ ಬೆಳಗಿತು. ಆ ಬೆಳಗಿದ ಮುಖದಲ್ಲೇ ನನ್ನ ಕಡೆ ತಿರುಗಿದಳು. ಮುಂದಿನ ಕ್ಷಣ ಎದ್ದು, ಬಾಗಿಲ ಕಡೆ ಹೋಗಿ, ಗೋಡೆಗೆ ಒರಗಿ ನಿಂತು ತನ್ನ ಚಪ್ಪಲಿ ನೋಡತೊಡಗಿದಳು.

"ಬೆಕ್ಕಿನ ಚಿತ್ರ ಹಾಕಿ ಸಾರ್" ಅಂದೆ.

ಹಾಕಿದರು. ಬೆಕ್ಕು ನಾಲಿಗೆ ಚಾಚಿತು. ತುದಿ ಮುಂದಕ್ಕೆ ಬಾಗಲಿಲ್ಲ, ಹಿಂದಕ್ಕೆ ಮಡಚಿತು. ಮಡಚಿದ ನಾಲಿಗೆ ನೀರಿನ ಮೈಯನ್ನು ಸುಮ್ಮನೆ ಮುಟ್ಟಿ ಮೇಲಕ್ಕೆ ಹೋಯಿತು, ಅದರ ಜೊತೆ ನೀರೂ ಒಂದು ತೆಳ್ಳಗಿನ ಕಂಬವಾಗಿ ಎದ್ದು ನಿಂತಿತು, ಅದು ಬೀಳುವಷ್ಟರಲ್ಲಿ ಬೆಕ್ಕು ಬಾಯಿ ಮುಚ್ಚಿತು. ಮೊಗೆಯುವುದೂ ಇಲ್ಲ, ಚಮಚವೂ ಇಲ್ಲ. ಇಂಥದ್ದು ನನ್ನ ಬೆನ್ನ ಹಿಂದೆ ಮೂರು ಸಲ ನಡೆದಿದೆ, ಅದಕ್ಕೆ ಬೆನ್ನು ಹಾಕಿ ನಿಂತು ನಾನು ತಪ್ಪು ಹೇಳಿದ್ದೇನೆ, ಸರಿಯಾದದ್ದನ್ನು ಕಂಡುಹಿಡಿದ ಒಂದೇ ಒಂದು ಮಗುವನ್ನು ಬಾಗಿಲಲ್ಲಿ ನಿಲ್ಲಿಸಿದ್ದೇನೆ. ನಾಚಿಕೆಯಿಂದ ಸತ್ತೇ ಹೋದೆ ಅನ್ನಿಸಿತು. ಆದರೂ ನನ್ನ ಹಟಮಾರಿ ಬುದ್ಧಿ ನೋಡಿ, "ಫೋನಿನಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬೇಕು ಸಾರ್" ಅಂದೆ.

"ಹಾಗಾದ್ರೆ ಸಂಜೆ ಮನೆಗೆ ಬನ್ನಿ. ಬೆಕ್ಕನ್ನೇ ಕೇಳಿ" ಅಂದರು.

ಅವರ ಮನೆ ಕಾಲೇಜಿನ ಹಿಂದಿನ ಬೀದಿಯಲ್ಲಿ, ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ಅವರ ಹೆಂಡತಿಯ ಹೊಲಿಗೆ ಯಂತ್ರ. ಕಪ್ಪು ಪರದೆ, ಯಂತ್ರಗಳ ಗವಸು ಎಲ್ಲ ಆ ಅಮ್ಮನ ಕೈಯಿಂದಲೇ ಬಂದದ್ದು ಅಂತ ಆಗ ಗೊತ್ತಾಯಿತು. ಬೆಕ್ಕು ಬಟ್ಟೆಯ ರಾಶಿಯ ಮೇಲೆ ಮಲಗಿತ್ತು, ಎಷ್ಟು ಪುಸಲಾಯಿಸಿದರೂ ನೀರು ಮುಟ್ಟಲಿಲ್ಲ. ನಾನು ಬಟ್ಟಲ ಪಕ್ಕದಲ್ಲಿ ನೆಲಕ್ಕೆ ಕೆನ್ನೆ ಇಟ್ಟು ಮಲಗಿ ಕಾಯುತ್ತಿದ್ದರೆ, ಅಮ್ಮ ಹೊಲಿಯುತ್ತಲೇ ನಗುತ್ತಿದ್ದರು.

"ನಿಮ್ಮ ಸಾರ್ ಕೂಡ ಒಂದು ಕಾಲದಲ್ಲಿ ನಿನ್ನ ಹಾಗೇ ಬಾಯಿಬಡುಕರು ಕಣಮ್ಮ" ಅಂದರು.

ನಾನು ತಲೆ ಎತ್ತಿದೆ. "ಯಾರು, ಸಾರಾ?"

"ಹೂಂ ಮತ್ತೆ. ಇವರ ಪಾಠ ಅಂದ್ರೆ ಬೇರೆ ಕ್ಲಾಸಿನೋರೆಲ್ಲ ಕಿಟಕೀಲಿ ಬಂದು ನಿಲ್ಲೋರು. ಮಾದರಿ ಪಾಠ ಅಂತ ಕ್ಯಾಸೆಟ್ ಮಾಡಿ ಎಲ್ಲ ಕಾಲೇಜಿಗೂ ಕಳಿಸಬೇಕು ಅಂತ ಆಯ್ತು. ಕ್ಯಾಮೆರಾ ಆಗಷ್ಟೇ ಹೊಸದಾಗಿ ಬಂದಿತ್ತು. ಇವರೇ ನಿಲ್ಲಿಸಿದ್ರು, ಇವರೇ ಗುಂಡಿ ಒತ್ತಿದ್ರು. ಮೈಕಿನ ವೈರು ಸಿಕ್ಕಿಸೋದು ಮರೆತ್ರು. ಇವರನ್ನ ನೋಡ್ಬೇಕಾದ ಕ್ಯಾಮೆರಾ ಮಕ್ಕಳ ಕಡೆ ತಿರುಗಿಬಿಟ್ಟಿತ್ತು, ಅದನ್ನೂ ನೋಡ್ಲಿಲ್ಲ. ಸಂಜೆ ಹಾಕಿ ನೋಡಿದ್ರೆ ಮುಕ್ಕಾಲು ಗಂಟೆ ಬರೀ ಮಕ್ಕಳು, ಅದೂ ಮೂಕರ ಹಾಗೆ. ಬೇರೆಯವರಾಗಿದ್ರೆ ಅಳಿಸಿ ಇನ್ನೊಂದು ಸಲ ಮಾಡೋರು. ಇವರು ಕೂತು ಪೂರ್ತಿ ನೋಡಿದ್ರು. ಮನೆಗೆ ಬಂದು, 'ಇಷ್ಟು ವರ್ಷ ನಾನು ಯಾರಿಗೆ ಪಾಠ ಮಾಡ್ತಿದ್ದೆ ಕಣೇ?' ಅಂತ ಕೇಳಿದ್ರು. ಮೂರು ದಿನ ಸರಿಯಾಗಿ ಊಟ ಮಾಡ್ಲಿಲ್ಲ."

ಅಷ್ಟರಲ್ಲಿ ಬೆಕ್ಕು ಇಳಿದು ಬಂದು ನೀರಿಗೆ ಮುಖ ಇಟ್ಟಿತು. ಬರೀ ಕಣ್ಣಿಗೆ ಏನೂ ಕಾಣಲಿಲ್ಲ, ಲಪಲಪ ಅಂತ ಸದ್ದಷ್ಟೇ. ಆದರೆ ಗಲ್ಲದ ಕಡೆ ಒಂದು ಸಣ್ಣ ಗುಲಾಬಿ ಮಡಿಕೆ ಹೌದೋ ಅಲ್ಲವೋ ಅನ್ನುವಂತೆ ಮಿಂಚಿ ಹೋಯಿತು. ನಾನು ಅಲ್ಲೇ ಅತ್ತುಬಿಟ್ಟೆ. ಸಾರ್ ಒಳಗಿನಿಂದ ಬಂದು, ನೋಡಿ, ಟೀ ಲೋಟ ಪಕ್ಕದಲ್ಲಿಟ್ಟು ಹೋದರು.

ಮರುದಿನ ಎರಡು ಜಡೆಯವಳನ್ನು ಹುಡುಕಿಕೊಂಡು ಹೋದೆ. "ಪುಟ್ಟಿ, ನಿನ್ನೆ ನೀನು ಹೇಳಬೇಕು ಅಂತಿದ್ದದ್ದೇ ಸರಿ. ನಾನು ಹೇಳಿದ್ದು ತಪ್ಪು" ಅಂದೆ. ಅವಳು ನನ್ನನ್ನು ಅನುಮಾನದಿಂದ ನೋಡಿದಳು. "ಹಾಗಾದ್ರೆ ಅವರಿಗೆಲ್ಲ ಹೇಳಿ ಮಿಸ್" ಅಂದಳು. ಉಳಿದ ಮೂವತ್ತೊಂದು ಜನರಿಗೆ.

ಹಾಗಾಗಿ ಪರೀಕ್ಷೆಗೂ ಅದೇ ತರಗತಿ, ಅದೇ ಬೆಕ್ಕು. ಅಕ್ಕ ತಲೆಯ ಮೇಲೆ ಕೈ ಹೊತ್ತು, "ಕೊನೇ ಅವಕಾಶ ಕಣೆ, ಕೆಟ್ಟುಹೋದ ಪಾಠವನ್ನೇ ಯಾರಾದ್ರೂ ಹಿಡೀತಾರಾ?" ಅಂತ ಬೈದಳು. ಭಾವ ಮಾತ್ರ, "ಬಿಡೇ, ಅವಳು ಸುಮ್ನಿರ್ತಾಳೆ ಅಂದ್ರೆ ಅದನ್ನ ನೋಡೋಕೆ ನಾನೂ ರಜಾ ಹಾಕ್ತೀನಿ" ಅಂದರು.

ಪರೀಕ್ಷಕರಾಗಿ ಬಂದವರು ಬೇರೆ ಊರಿನ ಕಾಲೇಜಿನ ಒಬ್ಬ ಹಿರಿಯ ಮೇಡಂ. ಅವತ್ತು ನಾನು ಅವರಿಗೆ ಆರನೆಯವಳು. ಕೊನೆಯ ಬೆಂಚಿನಲ್ಲಿ, ಕಿಟಕಿಯ ಕೆಳಗೆ ಕೂತು ಹಾಳೆ ಬಿಡಿಸಿದರು. ಸಾರ್ ಎಂದಿನಂತೆ ಕರಿಹಲಗೆಯ ಪಕ್ಕ ಕ್ಯಾಮೆರಾದ ಹಿಂದೆ ನಿಂತರು. ನಾನು ಮಕ್ಕಳಿಗೆ, "ಹೋದ ಸಲ ಈ ಬೆಕ್ಕಿನ ವಿಷಯದಲ್ಲಿ ನಾನು ಒಂದು ತಪ್ಪು ಹೇಳಿದ್ದೆ. ಏನು ಅಂತ ನೀವೇ ನೋಡಿ" ಅಂದೆ. ಚಿತ್ರ ಹಾಕಿದೆ. ಪರದೆಯ ಪಕ್ಕದಲ್ಲಿ, ಬೆಳಕಿಗೆ ಅಡ್ಡವಾಗದೆ ನಿಂತು ಮಕ್ಕಳನ್ನು ನೋಡಿದೆ. ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಅಂತ ನನ್ನಂಥವರಿಗೇ ಗೊತ್ತು! ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಎರಡನೇ ಸಲ ಚಿತ್ರ ಓಡುವಾಗ ಒಬ್ಬ ಬಾಯಿ ತೆರೆದ. ನಾನು ಕಾದೆ. "ಮಿಸ್, ಉಲ್ಟಾ!" ಅಂದ. "ಏನು ಉಲ್ಟಾ?" ಅಂದೆ, ಅಷ್ಟೇ. ಎರಡು ಜಡೆಯವಳು ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟಳು. ಆಮೇಲೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಮೂವತ್ತೆರಡು ನಾಲಿಗೆ ಹೊರಬಂದವು. ಮೊಗೆಯುತ್ತೆ, ಇಲ್ಲ ಎತ್ತುತ್ತೆ ಅಂತ ವಾದ ಹತ್ತಿತು. ಬೆರಳನ್ನು ನೀರಿನ ಬಟ್ಟಲಿಗೆ ಮುಟ್ಟಿಸಿ ಎತ್ತಿ ನೀರಿನ ಬಾಲ ನೋಡಿದರು. "ಮಿಸ್, ನಾಯೀನೂ ಹೀಗೇನಾ?" ಅಂತ ಒಬ್ಬ ಕೇಳಿದ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತಲೇ ಹೇಳಿದೆ. ಗಂಟೆ ಹೊಡೆಯಿತು.

ಮೇಡಂ ಹೊರಗೆ ಬಂದು ಕನ್ನಡಕ ತೆಗೆದರು. ಕೆಟ್ಟವರಲ್ಲ, ಮುಖದಲ್ಲಿ ಮರುಕವೂ ಇತ್ತು. "ನೀವು ಪಾಠವನ್ನೇ ಮಾಡ್ಲಿಲ್ಲವಲ್ಲಮ್ಮ. ವಿವರಣೆ ಇಲ್ಲ. ನಾನೇ ತಪ್ಪು ಹೇಳಿದ್ದೆ ಅಂತ ಮಕ್ಕಳ ಮುಂದೆ ಒಪ್ಪಿಕೊಂಡ್ರಿ. ಶಿಸ್ತು ಅಂತೂ ಕೇಳಲೇಬೇಡಿ, ಎಲ್ಲ ನಾಲಿಗೆ ಹೊರಗೆ ಹಾಕಿ ಕೂತಿದ್ರು. ನಾನು ಏನಂತ ಬರೀಲಿ ಹೇಳಿ?" ಅಂದರು. ಬರೆದಾಗಿತ್ತು. ಹಾಳೆ ಐದು ಗಂಟೆಗೆ ಪ್ರಿನ್ಸಿಪಾಲರ ಕೈ ಸೇರಬೇಕಿತ್ತು.

ಮುಗಿಯಿತು, ಇನ್ನು ದಿಂಬುಗಳೇ ಗತಿ ಅಂದುಕೊಂಡೆ. ಆಗ ಸಾರ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದು, ಯಾವತ್ತೂ ಯಾರ ಪರವಾಗಿಯೂ ಮಾತಾಡದ ಮನುಷ್ಯ, "ಮೇಡಂ, ಅರ್ಧ ಗಂಟೆ ಇದೆಯಾ? ಟೀ ಕುಡೀತಾ ಒಂದು ನೋಡಬಹುದು" ಅಂದರು.

ಕಪ್ಪು ಪರದೆ ಎಳೆದರು. ಮೂಕ ಮಕ್ಕಳು ಗೋಡೆಯ ಮೇಲೆ ಬಂದರು. ಮೇಡಂ ಲೋಟ ಹಿಡಿದು ಸೌಜನ್ಯಕ್ಕೆ ನೋಡುತ್ತಿದ್ದರು. ಬೆಕ್ಕು ಶುರುವಾದಾಗ ಮಕ್ಕಳ ಮುಖಗಳು ಅರಳಿದವು, ಅರಳಿ ಹಾಗೇ ಉಳಿದವು. ಒಬ್ಬನ ಬಾಯಿ ತೆರೆಯಿತು, ಮುಚ್ಚಲಿಲ್ಲ. ಅವನ ಮುಖದಿಂದ ಪಕ್ಕದವನ ಮುಖಕ್ಕೆ, ಅಲ್ಲಿಂದ ಮುಂದಿನ ಸಾಲಿಗೆ ಏನೋ ಹಬ್ಬುತ್ತ ಹೋಯಿತು. ಒಂದು ತರಗತಿಗೆ ಒಂದು ವಿಷಯ ಅರ್ಥವಾಗುವುದನ್ನು ನಾನು ಜೀವನದಲ್ಲಿ ಮೊದಲ ಸಲ ಕಣ್ಣಾರೆ ಕಂಡೆ. ಎರಡು ಜಡೆಯವಳು ಎದ್ದು ಕ್ಯಾಮೆರಾ ದಾಟಿ ಹೋದಳು, ಎಲ್ಲ ಕುತ್ತಿಗೆಗಳೂ ಅವಳ ಹಿಂದೆಯೇ ತಿರುಗಿದವು. ಮೇಡಂ ಲೋಟ ಕೆಳಗಿಟ್ಟರು.

ಆಗಲೇ ನನಗೂ ಕಂಡಿದ್ದು. ಆ ಎಲ್ಲ ಮುಖಗಳ ಹಿಂದೆ, ಕಿಟಕಿಯ ಕೆಳಗೆ, ಬಗ್ಗಿದ ಒಂದು ತಲೆ. ಬೈತಲೆ ಕಾಣುತ್ತಿತ್ತು, ಮುಖವಿಲ್ಲ. ಪೆನ್ನು ಓಡುತ್ತಿತ್ತು. ಮಕ್ಕಳು ಬೆಂಚಿನಿಂದ ಅರ್ಧ ಎದ್ದಿದ್ದರು, ತಲೆ ಬಗ್ಗಿತ್ತು. ನೀರಿನ ಬಟ್ಟಲ ಸುತ್ತ ಮುಗಿಬಿದ್ದಿದ್ದರು, ತಲೆ ಬಗ್ಗಿತ್ತು. ನಾಲಿಗೆಗಳು ಹೊರಬಂದಾಗ ಒಮ್ಮೆ ಎದ್ದಿತು, ಹುಬ್ಬು ಗಂಟಿಕ್ಕಿತು, ಮತ್ತೆ ಬಗ್ಗಿತು.

ಸಾರ್ ಚಿತ್ರ ನಿಲ್ಲಿಸಿದರು.

"ನಾನು ತಲೆ ಎತ್ತಲೇ ಇಲ್ವಾ?" ಮೇಡಂ ಮೆಲ್ಲಗೆ ಕೇಳಿದರು.

"ಒಂದು ಸಲ ಎತ್ತಿದ್ರಿ ಮೇಡಂ. ನಾಲ್ಕು ಸೆಕೆಂಡು" ಅಂದರು ಸಾರ್. ಚುಚ್ಚಿ ಹೇಳಲಿಲ್ಲ, ನನ್ನ ಹದಿನಾಲ್ಕನ್ನು ಎಣಿಸಿದ ಅದೇ ಧ್ವನಿಯಲ್ಲಿ ಹೇಳಿದರು.

ಮೇಡಂ ತಾವು ಬರೆದ ಹಾಳೆಯನ್ನು ಅಡ್ಡಕ್ಕೆ ಹರಿದರು. "ನೋಡದೇ ಇರೋದಕ್ಕೆ ಅಂಕ ಹಾಕೋಕಾಗಲ್ಲ. ಪ್ರಿನ್ಸಿಪಾಲರಿಗೆ ನಾನೇ ಹೇಳ್ತೀನಿ. ನಾಳೆ ಮೊದಲನೇ ಪೀರಿಯಡ್ಡು ಮತ್ತೆ ಪಾಠ ಮಾಡಿ. ಹಾಗಂತ ಪಾಸು ಮಾಡ್ತೀನಿ ಅಂತ ಅಲ್ಲ" ಅಂದರು. ಅವರು ಹೋದ ಮೇಲೆ, ಮೇಡಂ ಚಿತ್ರದಲ್ಲಿ ಬರುತ್ತಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಅಂತ ಸಾರನ್ನು ಕೇಳಿದೆ. "ಕ್ಯಾಮೆರಾ ಮುಂದೆ ಏನಿರುತ್ತೋ ಅದು ಬರುತ್ತಮ್ಮ. ಅದಿರಲಿ, ನಾಳೆಗೆ ನಾಯಿ ಬೇಕಲ್ಲ?" ಅಂದರು.

ಆ ಸಂಜೆ ಐವತ್ತೇಳು ವರ್ಷದ ಮನುಷ್ಯ ಬೀದಿಯ ನಲ್ಲಿಯ ಹತ್ತಿರ ಹೊಟ್ಟೆ ನೆಲಕ್ಕೆ ಕೊಟ್ಟು ಮಲಗಿ, ಫೋನು ಹಿಡಿದು, ಬೀದಿ ನಾಯಿಯೊಂದು ನೀರು ಕುಡಿಯಲಿ ಅಂತ ಕಾದರು. ಹೋಗಿಬರುವವರು ನಿಂತು ನೋಡಿದರು. ಅಮ್ಮ ಬಟ್ಟಲು ಹಿಡಿದು, "ಇವರಿಗೆ ಮಾನ ಮರ್ಯಾದೆ ಏನಾದ್ರೂ ಇದೆಯಾ ನೋಡು" ಅನ್ನುತ್ತ, ಅವರ ಮೊಣಕೈ ಕೆಳಗೆ ಒಂದು ಬಟ್ಟೆ ಮಡಚಿಟ್ಟರು. ನಾಯಿ ಬಂತು, ಕುಡಿಯಿತು. ಎದ್ದಾಗ ಅವರ ಅಂಗಿಯೆಲ್ಲ ಕೆಸರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು, ಬಿದ್ದರೆ ಬೈಯುತ್ತಾರೆ ಅಂತ ಸುಮ್ಮನಾದೆ.

ಮರುದಿನ ಮೇಡಂ ಕೊನೆಯ ಬೆಂಚಿಗೆ ಹೋಗಲಿಲ್ಲ. ಸ್ಟೂಲನ್ನು ತಾವೇ ಎತ್ತಿ ತಂದು, ಕರಿಹಲಗೆಯ ಪಕ್ಕ, ಸಾರ್ ಅವರ ಕ್ಯಾಮೆರಾ ಇದ್ದಲ್ಲೇ ಹಾಕಿಕೊಂಡು ಮಕ್ಕಳಿಗೆ ಎದುರಾಗಿ ಕೂತರು. ನಾನು ನಾಯಿಯ ಚಿತ್ರ ಹಾಕಿದೆ. ನಾಯಿಯ ನಾಲಿಗೆಯೂ ಹಿಂದಕ್ಕೇ ಮಡಚುತ್ತದೆ, ಆದರೆ ಧಡಾರನೆ ನೀರಿಗೆ ಬಡಿದು, ಅರ್ಧ ನೀರನ್ನು ಸುತ್ತ ಚೆಲ್ಲುತ್ತದೆ. ಹಾಗಂತ ನಾನು ಹೇಳಲಿಲ್ಲ. ಏನಾಗುತ್ತಿದೆ, ಬೆಕ್ಕಿನ ಪಕ್ಕದ ನೆಲ ಯಾಕೆ ಒಣಗಿರುತ್ತೆ, ನಾಯಿಯದು ಯಾಕೆ ಒದ್ದೆ ಅಂತ ಮಕ್ಕಳು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಕಂಡುಕೊಂಡರು.

ಗಂಟೆ ಹೊಡೆದಾಗ ಮೇಡಂ ಬೆಚ್ಚಿ ತಮ್ಮ ಹಾಳೆ ನೋಡಿಕೊಂಡರು. ಒಂದಕ್ಷರ ಬರೆದಿರಲಿಲ್ಲ. ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಹತ್ತಿರ ನಿಂತಿದ್ದ ಎರಡು ಜಡೆಯವಳನ್ನು ಕರೆದು, "ಪುಟ್ಟಿ, ನಿಮ್ಮ ಮಿಸ್ ಹೇಗೆ ಪಾಠ ಮಾಡಿದ್ರು?" ಅಂತ ಕೇಳಿದರು.

"ಮಿಸ್ ಏನೂ ಮಾಡ್ಲಿಲ್ಲ" ಅಂದಳು ಆ ಹುಡುಗಿ. "ಎಲ್ಲಾ ನಾವೇ ಕಂಡುಹಿಡಿದ್ವಿ."

ಮೇಡಂ ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಸಾರ್ ಕಡೆ. ಪೆನ್ನಿನ ಮುಚ್ಚಳ ತೆಗೆದು, ಅವಳು ಹೇಳಿದ್ದನ್ನೇ ಹಾಳೆಯ ಮೇಲೆ ಬರೆದರು. ಅದರ ಕೆಳಗೆ ಉತ್ತೀರ್ಣ ಅಂತ ಬರೆದು ಸಹಿ ಹಾಕಿದರು.